ಹಳ್ಳಿ ಕಡೆಯ ವಿದ್ಯಾರ್ಥಿಗೆ ಹಣೆಪಟ್ಟಿ ಅಂಟುವುದು ಹೇಗೆ?

"ಯೂನಿವರ್ಸಿಟಿ ಹುಡುಗರಾ? ಮಾರ್ಕ್ಸ್ ಇರುತ್ತೆ, ಬಾಯಿ ಬಿಡಲ್ಲ." "ಮಂಡ್ಯ ಕಡೆಯವರು ಸ್ವಲ್ಪ ಒರಟು ಸಾರ್." "ಕೆಲಸ ಸಿಗಲಿಲ್ಲ ಅಂತ ಎಂ.ಎ. ಸೇರಿಕೊಂಡಿದ್ದಾರೆ." "ಹಾಸ್ಟೆಲ್ ಊಟ, ಸ್ಕಾಲರ್‌ಶಿಪ್ ಸಿಗುತ್ತಲ್ಲ, ಅದಕ್ಕೇ ಬರ್ತಾರೆ." "ಹುಡುಗಿಯರು ಮದುವೆ ಗೊತ್ತಾಗೋ ತನಕ ಓದ್ತಾರೆ ಅಷ್ಟೆ."

ಮೈಸೂರು, ಮಂಡ್ಯದಲ್ಲಿ ಓದಿದವರಿಗೆ, ಪಾಠ ಮಾಡಿದವರಿಗೆ ಈ ಮಾತುಗಳು ಹೊಸದಲ್ಲ. ಹೇಳುವವರೆಲ್ಲ ಕೆಟ್ಟವರೂ ಅಲ್ಲ. ಎಷ್ಟೋ ಸಲ ಅದೇ ಹಳ್ಳಿಗಳಿಂದ ಬಂದು ನೌಕರಿ ಹಿಡಿದವರೇ ಹೇಳುತ್ತಾರೆ. ಮರುಕದಿಂದ ಹೇಳುವವರೂ ಇದ್ದಾರೆ.

ಇವೆಲ್ಲ ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ಆದರೆ ಪ್ರತಿ ಮಾತಿನಲ್ಲೂ ಯಾರೋ ಕಣ್ಣಾರೆ ಕಂಡ ಒಂದು ಚೂರು ಇರುತ್ತದೆ. ಸಂದರ್ಶನದಲ್ಲಿ ಹುಡುಗಿ ಮಾತಾಡಲಿಲ್ಲ, ಅದು ನಿಜ. ಹುಡುಗ ಒಂದು ವಾರ ಕ್ಲಾಸಿಗೆ ಬರಲಿಲ್ಲ, ಅದೂ ನಿಜ. ಕಂಡದ್ದರಲ್ಲಿ ತಪ್ಪಿಲ್ಲ. ಕಂಡದ್ದಕ್ಕೆ ಹಚ್ಚುವ ಕಾರಣದಲ್ಲಿ ತಪ್ಪಿದೆ. ಅವರ ಪರಿಸ್ಥಿತಿಯನ್ನು ನಾವು ಅವರ ಸ್ವಭಾವ ಎಂದು ಓದಿಕೊಳ್ಳುತ್ತೇವೆ. ಆ ತಪ್ಪು ಓದು ಹೇಗೆ ಹುಟ್ಟುತ್ತದೆ, ಹುಟ್ಟಿದ ಮೇಲೆ ಏನು ಮಾಡುತ್ತದೆ ಎನ್ನುವುದನ್ನು ಬಿಡಿಸಿ ನೋಡೋಣ.

ಮೊದಲು, ಈ ವಿದ್ಯಾರ್ಥಿ ಯಾರು? ರಾಜ್ಯ ಸರ್ಕಾರದ ವಿಶ್ವವಿದ್ಯಾಲಯ ಅಂದ ಕೂಡಲೇ ಎಲ್ಲೋ ಅಂಚಿನಲ್ಲಿರುವ, ಬೇರೆ ದಾರಿ ಇಲ್ಲದೆ ಬಂದ ಒಂದಷ್ಟು ಜನ ಎನ್ನುವ ಚಿತ್ರ ಬರುತ್ತದೆ. ನೀತಿ ಆಯೋಗ 2025ರ ಫೆಬ್ರವರಿಯಲ್ಲಿ ಹೊರತಂದ ವರದಿ ಬೇರೆಯದನ್ನೇ ಹೇಳುತ್ತದೆ. ಅದರ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿರುವವರಲ್ಲಿ ಶೇ 81ಕ್ಕೂ ಹೆಚ್ಚು ಮಂದಿ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳ ವ್ಯಾಪ್ತಿಯಲ್ಲೇ ಓದುತ್ತಿದ್ದಾರೆ. ಅಂದರೆ ಇವರೇ ಭಾರತದ ಸಾಮಾನ್ಯ ವಿದ್ಯಾರ್ಥಿ. ಐಐಟಿ, ಐಐಎಂ, ದುಬಾರಿ ಖಾಸಗಿ ಕ್ಯಾಂಪಸ್‌ಗಳ ಹುಡುಗರು ಸಂಖ್ಯೆಯಲ್ಲಿ ತುಂಬಾ ಕಡಿಮೆ. ಆದರೂ ಜಾಹೀರಾತಿನಲ್ಲಿ, ಸಿನಿಮಾದಲ್ಲಿ 'ಕಾಲೇಜು ವಿದ್ಯಾರ್ಥಿ' ಅಂದರೆ ಅವರದೇ ಮುಖ.

ನಮ್ಮ ಮೈಸೂರು ವಿಶ್ವವಿದ್ಯಾಲಯ ಶುರುವಾದದ್ದು 1916ರ ಜುಲೈ 27ರಂದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರಾಗಿದ್ದರು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾಲಯ ಅದು. ಮೊನ್ನೆಮೊನ್ನೆಯ ತನಕ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ ನಾಲ್ಕೂ ಜಿಲ್ಲೆಗಳ ಕಾಲೇಜುಗಳು ಅದರ ಅಡಿಯಲ್ಲಿದ್ದವು. ಕ್ಯಾಂಪಸ್ ಊರ ನಡುವೆ ಇದ್ದರೂ ಅಲ್ಲಿ ಓದುವವರಲ್ಲಿ ಬಹಳ ಮಂದಿ ಊರಿನವರಲ್ಲ. ನಾಗಮಂಗಲ, ಹುಣಸೂರು, ಕೆ.ಆರ್. ಪೇಟೆ, ಗುಂಡ್ಲುಪೇಟೆ, ಕೊಳ್ಳೇಗಾಲದ ಹಳ್ಳಿಗಳವರು. ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವರಲ್ಲಿ ಎಷ್ಟೋ ಮಂದಿ ಮೊದಲಿಗರು.

ಈಗ ಹಾಜರಿಯ ವಿಷಯಕ್ಕೆ ಬರೋಣ. 'ಶಿಸ್ತಿಲ್ಲ, ಬೇಕಾದಾಗ ಬರ್ತಾರೆ' ಎನ್ನುವ ದೂರು ಇಲ್ಲೇ ಹುಟ್ಟುತ್ತದೆ.

ಮಳವಳ್ಳಿ ಕಡೆಯ ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿ ಎಂದುಕೊಳ್ಳಿ. ಮನೆಯಲ್ಲಿ ರೇಷ್ಮೆ ಇದೆ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ತನಕ ಸುಮಾರು ನಾಲ್ಕು ವಾರ ಬೆಳೆಯುತ್ತದೆ. ನಡುವೆ ನಾಲ್ಕು ಸಲ ಮೇಯುವುದು ನಿಲ್ಲಿಸಿ ಪೊರೆ ಬಿಡುತ್ತದೆ. ನಮ್ಮ ಕಡೆ ಅದನ್ನು ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಗೂಡಿಗೆ ಹೋಗಲು ಏಳೆಂಟು ದಿನ. ಹುಳು ಒಟ್ಟು ತಿನ್ನುವ ಸೊಪ್ಪಿನಲ್ಲಿ ಶೇ 80ಕ್ಕೂ ಜಾಸ್ತಿ ಈ ಏಳೆಂಟು ದಿನಗಳಲ್ಲೇ ಖರ್ಚಾಗುತ್ತದೆ. ಹೊತ್ತುಹೊತ್ತಿಗೆ ಸೊಪ್ಪು ಕೊಯ್ದು ತರಬೇಕು, ಹಾಕಬೇಕು, ಹಿಕ್ಕೆ ತೆಗೆಯಬೇಕು. ಕೊನೆಗೆ ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡಬೇಕು. ಆ ಹೊತ್ತು ತಪ್ಪಿದರೆ ನೂಲು ಹಾಳು, ತಿಂಗಳ ದುಡಿಮೆ ಹಾಳು. ಆಳು ಸಿಗದ ಮನೆಯಲ್ಲಿ ಮಗನೋ ಮಗಳೋ ಬರಲೇಬೇಕು. ಅವರ ಫೀಸು ಬರುವುದೇ ಆ ಗೂಡು ಮಾರಿದ ದುಡ್ಡಿನಿಂದ.

ಕಬ್ಬಿನ ಮನೆಯಲ್ಲೂ ಹೀಗೇ. ಕಾರ್ಖಾನೆಯಿಂದ ಕಟಾವಿಗೆ ಒಪ್ಪಿಗೆ ಯಾವತ್ತು ಬರುತ್ತದೆ ಎನ್ನುವುದು ರೈತನ ಕೈಯಲ್ಲಿಲ್ಲ. ಬಂದ ದಿನ ಆಳು, ಗಾಡಿ ಹೊಂದಿಸಬೇಕು. ಅವತ್ತು ಇಂಟರ್ನಲ್ಸ್ ಇದ್ದರೆ? ಎರಡರಲ್ಲಿ ಒಂದು ತಪ್ಪುತ್ತದೆ.

ಮೇಷ್ಟ್ರ ಕಣ್ಣಿಗೆ ಬೀಳುವುದು ಹಾಜರಿ ಪುಸ್ತಕದ ಖಾಲಿ ಮನೆಗಳು ಮಾತ್ರ. ಶೇ 75 ಹಾಜರಿ ಇರಬೇಕು, ಇಲ್ಲ. ಎದುರಿಗೆ ಕಾಣುವವನು ಹುಡುಗ, ಕಾಣದೇ ಇರುವುದು ಹುಳುಮನೆ. ಆದ್ದರಿಂದ ಕಾರಣವನ್ನು ಹುಡುಗನೊಳಗೇ ಹುಡುಕುತ್ತಾರೆ. ಇದು ಯಾವುದೋ ಒಬ್ಬ ಮೇಷ್ಟ್ರ ದೋಷ ಅಲ್ಲ, ಮನುಷ್ಯರೆಲ್ಲರ ಅಭ್ಯಾಸ. 1967ರಲ್ಲಿ ಎಡ್ವರ್ಡ್ ಜೋನ್ಸ್ ಮತ್ತು ವಿಕ್ಟರ್ ಹ್ಯಾರಿಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಕ್ಯೂಬಾದ ಕ್ಯಾಸ್ಟ್ರೋ ಪರವಾಗಿ ಅಥವಾ ವಿರುದ್ಧವಾಗಿ ಬರೆದ ಪ್ರಬಂಧಗಳನ್ನು ಓದಲು ಕೊಟ್ಟರು. ಬರೆದವನಿಗೆ ಆಯ್ಕೆ ಇರಲಿಲ್ಲ, ಹೀಗೇ ಬರೆ ಎಂದು ಹೇಳಿದ್ದರು ಅಂತ ತಿಳಿಸಿದ ಮೇಲೂ ಓದಿದವರು 'ಇದು ಅವನದೇ ಅಭಿಪ್ರಾಯ ಇರಬೇಕು' ಎನ್ನುವ ಕಡೆಗೇ ವಾಲಿದರು. ಸನ್ನಿವೇಶ ಗೊತ್ತಿದ್ದಾಗಲೇ ಹೀಗೆ. ಗೊತ್ತೇ ಇಲ್ಲದಿದ್ದಾಗ ಇನ್ನು ಹೇಗಿರಬೇಡ! ಈ ಗುಣಕ್ಕೆ 1977ರಲ್ಲಿ ಲೀ ರಾಸ್ ಕೊಟ್ಟ ಹೆಸರು ಫಂಡಮೆಂಟಲ್ ಆಟ್ರಿಬ್ಯೂಷನ್ ಎರರ್. ನಾನು ತಡವಾಗಿ ಬಂದರೆ ಬಸ್ಸು ಕಾರಣ, ನೀನು ತಡವಾಗಿ ಬಂದರೆ ನಿನ್ನ ಸೋಮಾರಿತನ ಕಾರಣ. ಇಷ್ಟೇ ಅದರ ಸಾರ.

'ಮಂಡ್ಯದವರು ಜಗಳಗಂಟರು' ಎನ್ನುವುದು ಬೇರೆ ದಾರಿಯಲ್ಲಿ ಹುಟ್ಟಿದ ಮಾತು. ಟಿ.ವಿ.ಯಲ್ಲಿ ಮಂಡ್ಯ ಯಾವಾಗ ಕಾಣಿಸುತ್ತದೆ? ಕಾವೇರಿ ಗಲಾಟೆಯಾದಾಗ, ಹೆದ್ದಾರಿ ತಡೆದಾಗ, ಟೈರ್ ಉರಿಯುವಾಗ. ನ್ಯಾಯಮಂಡಳಿಯ ಮಧ್ಯಂತರ ಆದೇಶ ಬಂದ 1991ರಿಂದ ಹಿಡಿದು 2002, 2016, 2023ರ ತನಕ ಮಳೆ ಕೈಕೊಟ್ಟಾಗಲೆಲ್ಲ ಇದೇ ಚಿತ್ರ. ಕೆ.ಆರ್.ಎಸ್. ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದರೆ ಭತ್ತ, ಕಬ್ಬು ಉಂಟು. ಇಲ್ಲದಿದ್ದರೆ ಆ ವರ್ಷದ ಬದುಕೇ ಇಲ್ಲ. ಅಂಥ ಕಡೆ ಜನ ಬೀದಿಗೆ ಬರುತ್ತಾರೆ. ಉಳಿದ ದಿನಗಳಲ್ಲಿ ಅದೇ ಜನ ಡೈರಿಗೆ ಹಾಲು ಹಾಕಿ, ಗದ್ದೆಗೆ ಹೋಗಿ, ಮಕ್ಕಳನ್ನು ಬಸ್ಸು ಹತ್ತಿಸುತ್ತಾರೆ. ಅದನ್ನು ಯಾವ ಚಾನೆಲ್ಲೂ ತೋರಿಸುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಆಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1973ರಲ್ಲೇ ಇದನ್ನು ವಿವರಿಸಿದ್ದರು. ಯಾವ ಚಿತ್ರ ಥಟ್ಟನೆ ನೆನಪಿಗೆ ಬರುತ್ತದೋ ಅದೇ ಜಾಸ್ತಿ ನಡೆಯುತ್ತದೆ ಎಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ. ಇದಕ್ಕೆ ನಮ್ಮ ಮಾತಿನ ಧಾಟಿಯೂ ಸೇರಿಕೊಂಡಿತು. ಮಂಡ್ಯದ ಹಳ್ಳಿಗಳಲ್ಲಿ ಏಕವಚನ ಅಂದರೆ ಸಲುಗೆ. ಅದೇ ಪಟ್ಟಣದ ಕಿವಿಗೆ ಅಗೌರವ. ಸಿನಿಮಾಗಳು ಈ ಧಾಟಿಯನ್ನು ಹಾಸ್ಯಪಾತ್ರಕ್ಕೋ ರೌಡಿಗೋ ಹಂಚಿಕೊಟ್ಟು ಕೆಲಸವನ್ನು ಪೂರ್ತಿ ಮಾಡಿದವು.

ಎಲ್ಲಕ್ಕಿಂತ ಆಳವಾಗಿ ಕಚ್ಚುವ ಹಣೆಪಟ್ಟಿ ಇಂಗ್ಲಿಷಿನದು. ಇದರ ಬಗ್ಗೆ ನಿಧಾನವಾಗಿ ಹೇಳಬೇಕು.

ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿ ಹತ್ತನೇ ತರಗತಿ ತನಕ ವಿಜ್ಞಾನವನ್ನು ಕನ್ನಡದಲ್ಲಿ ಓದುತ್ತಾಳೆ. ದ್ಯುತಿಸಂಶ್ಲೇಷಣೆ, ವೇಗೋತ್ಕರ್ಷ, ಪರಮಾಣು ಎಲ್ಲ ಚೆನ್ನಾಗಿ ಗೊತ್ತು. ಪಿಯುಸಿ ವಿಜ್ಞಾನಕ್ಕೆ ಸೇರಿದ ದಿನದಿಂದ ಪುಸ್ತಕ ಇಂಗ್ಲಿಷ್, ಉತ್ತರ ಬರೆಯುವುದೂ ಬಹುಪಾಲು ಇಂಗ್ಲಿಷಿನಲ್ಲೇ. ಹದಿನಾರನೇ ವಯಸ್ಸಿಗೆ, ಒಂದು ಬೇಸಿಗೆ ರಜೆಯಲ್ಲಿ, ಗೊತ್ತಿದ್ದ ವಿಷಯವೆಲ್ಲ ಗೊತ್ತಿಲ್ಲದ ಭಾಷೆಗೆ ದಾಟಬೇಕು. ದಾಟಿಸಲು ಯಾರೂ ಇರುವುದಿಲ್ಲ. ಬಿ.ಎ. ಸೇರಿದವರಿಗೆ ಕನ್ನಡದಲ್ಲಿ ಬರೆಯುವ ದಾರಿ ಇದೆ. ಆದರೆ ಅವರು ಮುಂದೆ ಎಂ.ಎ. ಅರ್ಥಶಾಸ್ತ್ರಕ್ಕೋ ಸಮಾಜಶಾಸ್ತ್ರಕ್ಕೋ ಬಂದಾಗ ಓದಲು ಬೇಕಾದ ಒಳ್ಳೆಯ ಪುಸ್ತಕ, ಸಂಶೋಧನಾ ಲೇಖನ ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತವೆ.

ಸೆಮಿನಾರಿನಲ್ಲಿ ಪ್ರಶ್ನೆ ಬಂದಾಗ ಆ ಹುಡುಗಿಯ ತಲೆಯೊಳಗೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಉತ್ತರ ಯೋಚಿಸಬೇಕು. ವಾಕ್ಯವನ್ನೂ ಕಟ್ಟಬೇಕು: ಹ್ಯಾಸ್ ಬರಬೇಕಾ, ಹ್ಯಾವ್ ಬರಬೇಕಾ? ಸಿಟಿ ಸ್ಕೂಲಿನಲ್ಲಿ ಓದಿದವರಿಗೆ ಎರಡನೆಯ ಕೆಲಸ ಇಲ್ಲವೇ ಇಲ್ಲ. ಹಾಗಾಗಿ ಅವರ ಕೈ ಮೊದಲು ಮೇಲೇಳುತ್ತದೆ. ಇದರ ಮೇಲೆ ಮೂರನೆಯ ಭಾರವೊಂದು ಬೀಳುತ್ತದೆ: ತಪ್ಪು ಮಾಡಿದರೆ 'ಹಳ್ಳಿಯವಳು' ಅನ್ನುತ್ತಾರೆ ಎನ್ನುವ ಅಂಜಿಕೆ.

ಈ ಅಂಜಿಕೆಯನ್ನು ಸಂಶೋಧಕರು ಅಳೆಯಲು ನೋಡಿದ್ದಾರೆ. 1995ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್‌ಸನ್ ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಿಗೆ ಕಷ್ಟದ ಭಾಷಾ ಪರೀಕ್ಷೆಯೊಂದನ್ನು ಕೊಟ್ಟರು. 'ಇದು ನಿಮ್ಮ ಬುದ್ಧಿಶಕ್ತಿ ಅಳೆಯುವ ಪರೀಕ್ಷೆ' ಎಂದಾಗ ಕಪ್ಪು ವಿದ್ಯಾರ್ಥಿಗಳ ಅಂಕ ಇಳಿಯಿತು. ಅದೇ ಪ್ರಶ್ನೆಗಳನ್ನು 'ಸುಮ್ಮನೆ ಒಂದು ಪ್ರಯೋಗ' ಎಂದು ಕೊಟ್ಟಾಗ ಉತ್ತಮಗೊಂಡಿತು. ನಮಗೆ ಇನ್ನೂ ಹತ್ತಿರದ್ದು ಉತ್ತರ ಪ್ರದೇಶದ ಹಳ್ಳಿಗಳ ಪ್ರಯೋಗ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು ಶಾಲಾ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಬಿಡಿಸಿದಷ್ಟಕ್ಕೂ ದುಡ್ಡು. ಯಾರ ಜಾತಿಯನ್ನೂ ಹೇಳದಿದ್ದಾಗ ಮೇಲ್ಜಾತಿಯ ಹುಡುಗರಿಗೂ ಕೆಳಜಾತಿಯ ಹುಡುಗರಿಗೂ ಲೆಕ್ಕಕ್ಕೆ ಬರುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲರೆದುರು ಹೆಸರಿನ ಜೊತೆ ಜಾತಿಯನ್ನೂ ಕೂಗಿ ಹೇಳಿದಾಗ ದೊಡ್ಡ ಅಂತರ ಕಾಣಿಸಿತು. ಒಗಟು ಅದೇ, ಹುಡುಗರ ಬುದ್ಧಿಯೂ ಅದೇ. ನಡುವೆ ಬಂದದ್ದು ಒಂದು ಕೂಗು ಮಾತ್ರ. ಇದು 2006ರಲ್ಲಿ ಪ್ರಕಟವಾಯಿತು.

ಒಂದು ಮಾತು ಇಲ್ಲೇ ಸೇರಿಸಬೇಕು. ಸ್ಟೀಲ್ ಮತ್ತು ಆರನ್‌ಸನ್ ಮಾದರಿಯ ಪ್ರಯೋಗಗಳನ್ನು ಆಮೇಲೆ ದೊಡ್ಡ ಗುಂಪುಗಳ ಮೇಲೆ ಮತ್ತೆ ಮಾಡಿ ನೋಡಿದಾಗ ಕೆಲವು ಕಡೆ ಪರಿಣಾಮ ತೀರಾ ಸಣ್ಣದಾಗಿತ್ತು, ಕೆಲವು ಕಡೆ ಕಾಣಿಸಲೇ ಇಲ್ಲ. ಆದ್ದರಿಂದ ಹಣೆಪಟ್ಟಿಯೊಂದೇ ಅಂಕ ಇಳಿಸುತ್ತದೆ ಎಂದು ಹೇಳುವುದು ಸರಿಯಲ್ಲ. ನನ್ನ ಪ್ರಕಾರ ತರಗತಿಯಲ್ಲಿ ಅದು ಮಾಡುವ ದೊಡ್ಡ ಹಾನಿ ಬಾಯಿ ಮುಚ್ಚಿಸುವುದು. ಮಾತಾಡಿದರೆ ತಪ್ಪಾದೀತು ಎಂದು ವಿದ್ಯಾರ್ಥಿ ಸುಮ್ಮನಿರುತ್ತಾಳೆ. ಸುಮ್ಮನಿದ್ದದ್ದನ್ನು ನೋಡಿ ಮೇಷ್ಟ್ರು 'ಇವರಿಗೆ ಗೊತ್ತಿಲ್ಲ' ಎಂದುಕೊಳ್ಳುತ್ತಾರೆ. ಮುಂದಿನ ಸಲ ಅವಳನ್ನು ಕೇಳುವುದೇ ಇಲ್ಲ. ಕೇಳದಿದ್ದಕ್ಕೆ ಅಭ್ಯಾಸವಾಗುವುದಿಲ್ಲ. ಎರಡು ವರ್ಷ ಕಳೆದು ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಕೂತಾಗ ಬಾಯಿ ನಿಜವಾಗಿಯೂ ಕಟ್ಟಿರುತ್ತದೆ. ಆಗ ಎಲ್ಲರೂ 'ನೋಡಿದ್ರಾ' ಅನ್ನುತ್ತಾರೆ. ಹಣೆಪಟ್ಟಿ ತನಗೆ ಬೇಕಾದ ಸಾಕ್ಷಿಯನ್ನು ತಾನೇ ತಯಾರಿಸಿಕೊಂಡಿತು ಅಲ್ವಾ?

ಅದೇ ಹುಡುಗಿ ಹಾಸ್ಟೆಲ್ ಕೋಣೆಯಲ್ಲಿ ಜೂನಿಯರ್‌ಗಳಿಗೆ ಅದೇ ಪಾಠವನ್ನು ಕನ್ನಡದಲ್ಲಿ ರಾತ್ರಿ ಹನ್ನೊಂದರ ತನಕ ಹೇಳಿಕೊಡುತ್ತಿರುತ್ತಾಳೆ. ಅದನ್ನು ನೋಡಿದ ಪರೀಕ್ಷಕರು ಯಾರೂ ಇಲ್ಲ.

ಇನ್ನು ಸ್ಕಾಲರ್‌ಶಿಪ್ ಮಾತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗಾಗಿ ವಿದ್ಯಾಸಿರಿ ಯೋಜನೆ ಶುರುವಾದಾಗ ಊಟ, ವಸತಿಗೆ ಕೊಟ್ಟದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ಮೈಸೂರಿನಲ್ಲಿ ಒಂದು ಕೋಣೆ ಹಿಡಿದವರಿಗೆ ಈ ದುಡ್ಡು ಎಷ್ಟು ದಿನಕ್ಕೆ ಬರುತ್ತದೆ ಎಂದು ಗೊತ್ತು. ಮಿಕ್ಕದ್ದನ್ನು ಹೊಂದಿಸಲು ಹುಡುಗರು ಮದುವೆ ಮನೆಗಳಲ್ಲಿ ಬಡಿಸಲು ಹೋಗುತ್ತಾರೆ, ಊಟದ ಡೆಲಿವರಿ ಮಾಡುತ್ತಾರೆ, ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ ನಿಲ್ಲುತ್ತಾರೆ. ಇಂಥ ದುಡ್ಡಿಗಾಗಿ ಯಾರೂ ಎರಡು ವರ್ಷ ಎಂ.ಎ. ಓದಲು ಬರುವುದಿಲ್ಲ. 'ಸ್ಕಾಲರ್‌ಶಿಪ್‌ಗೆ ಬಂದವರು' ಎನ್ನುವ ಮಾತಿನ ಹಿಂದೆ ಬಹಳ ಸಲ ಇರುವುದು ಜಾತಿ. ಅದನ್ನು ನೇರವಾಗಿ ಹೇಳಲಾಗದೆ ಹೀಗೆ ಸುತ್ತಿ ಹೇಳುತ್ತಾರೆ.

ಕ್ಯಾಂಪಸ್ ಬಿಟ್ಟ ಮೇಲೂ ಇದು ಬೆನ್ನು ಬಿಡುವುದಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಎಂಬ ಸಂಶೋಧಕರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. (ನಮ್ಮ ರಾಜ್ಯ ಶಿಕ್ಷಣ ನೀತಿ ಆಯೋಗದ ಅಧ್ಯಕ್ಷರಾಗಿದ್ದವರು ಇದೇ ಥೋರಟ್.) ಖಾಸಗಿ ಕಂಪನಿಗಳ 548 ಜಾಹೀರಾತುಗಳಿಗೆ 4,808 ಅರ್ಜಿ ಹಾಕಿದರು. ಓದು ಒಂದೇ, ಹೆಸರು ಮಾತ್ರ ಬೇರೆ. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ಸುಮಾರು ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಸುಮಾರು ಮೂರನೇ ಒಂದರಷ್ಟು ಇತ್ತು. ನಮ್ಮ ಕಡೆ ಅಡ್ಡಹೆಸರು ಇಟ್ಟುಕೊಳ್ಳುವುದು ಕಡಿಮೆ. ಆದರೆ ಬಯೋಡೇಟಾದಲ್ಲಿ ತಾಲ್ಲೂಕು, ಸರ್ಕಾರಿ ಪ್ರೌಢಶಾಲೆ, ಹಾಸ್ಟೆಲ್ ವಿಳಾಸ ಇರುತ್ತವೆ. ಓದುವವರಿಗೆ ಅಷ್ಟು ಸಾಕು.

ಹುಡುಗಿಯರ ಬಗ್ಗೆ ಹೇಳುವ 'ಮದುವೆ ತನಕ ಓದು' ಮಾತನ್ನು ನಾನು ಸಿಟ್ಟಿಲ್ಲದೆ ಕೇಳಲಾರೆ. ಓದಿಗೋಸ್ಕರ ಮದುವೆಯನ್ನು ಮುಂದೆ ತಳ್ಳುತ್ತಿರುವವರು ಅವರೇ. 'ಎಂ.ಎ. ಮುಗೀಲಿ, ಬಿ.ಎಡ್. ಮುಗೀಲಿ' ಎಂದು ಮನೆಯವರ ಜೊತೆ ಒಂದೊಂದು ವರ್ಷಕ್ಕೂ ಚೌಕಾಸಿ ಮಾಡುತ್ತಾರೆ. ಹೊರಗಿನವರಿಗೆ ಮದುವೆಗೆ ಕಾಯುತ್ತಿರುವ ಹಾಗೆ ಕಾಣುವುದು ಈ ಚೌಕಾಸಿಯೇ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಇಲ್ಲದಾದಾಗ 'ಬಸ್ ಚಾರ್ಜಿಗೆ ದುಡ್ಡೆಲ್ಲಿ' ಎನ್ನುವ ಒಂದು ನೆಪವಾದರೂ ಅವರ ದಾರಿಯಿಂದ ಸರಿಯಿತು.

ವಿದ್ಯಾರ್ಥಿಗಳೊಳಗೂ ಈ ಏಣಿ ಇದೆ. ಮೈಸೂರು ಸಿಟಿಯವರಿಗೆ ಮಂಡ್ಯದವರು ಒರಟರು. ಮಂಡ್ಯದವರಿಗೆ ಚಾಮರಾಜನಗರದವರು ಹಿಂದುಳಿದವರು. ಕೊಳ್ಳೇಗಾಲದವರು ಅಂದರೆ ಎಲ್ಲರೂ ಸೇರಿ ಮಾಟಮಂತ್ರದ ಮಾತು ತೆಗೆಯುತ್ತಾರೆ. ಎಂ.ಎಸ್ಸಿ.ಯವರು ಎಂ.ಎ.ಯವರನ್ನು, ಅದರಲ್ಲೂ ಕನ್ನಡ ಎಂ.ಎ.ಯವರನ್ನು, ಕೆಳಗಿಟ್ಟು ನೋಡುತ್ತಾರೆ. ಮೇಲಿನಿಂದ ಬಿದ್ದ ಪೆಟ್ಟನ್ನು ಒಂದು ಮೆಟ್ಟಿಲು ಕೆಳಗಿನವರಿಗೆ ದಾಟಿಸಿದರೆ ಸ್ವಲ್ಪ ಹಗುರವಾಗುತ್ತದೆ. ಅದಕ್ಕೇ ಇದು ಇಷ್ಟು ಕಾಲ ಉಳಿದಿದೆ.

ಹಾಗಾದರೆ ದೊಡ್ಡವರ ಹೆಸರು ಹೇಳಿ ಬಾಯಿ ಮುಚ್ಚಿಸಬಹುದಲ್ಲ? ಕುಪ್ಪಳಿಯಿಂದ ಬಂದ ಕುವೆಂಪು ಮಹಾರಾಜ ಕಾಲೇಜಿನಲ್ಲಿ ಓದಿದರು, 1956ರಿಂದ 1960ರ ತನಕ ಇದೇ ವಿಶ್ವವಿದ್ಯಾಲಯದ ಕುಲಪತಿಯಾದರು, ಅದರ ಕ್ಯಾಂಪಸ್ ಮಾನಸಗಂಗೋತ್ರಿಯನ್ನು ಕಟ್ಟಿಸಿ ಹೆಸರನ್ನೂ ಇಟ್ಟರು. ಸಂತೇಶಿವರದ ಎಸ್.ಎಲ್. ಭೈರಪ್ಪ ಇಲ್ಲೇ ಓದಿದರು. ಸಿದ್ದರಾಮನಹುಂಡಿಯ ಸಿದ್ದರಾಮಯ್ಯ ಇಲ್ಲಿಯ ಬಿ.ಎಸ್ಸಿ. ಪದವೀಧರ. ಪಟ್ಟಿ ಉದ್ದ ಇದೆ. ಆದರೆ ಪಟ್ಟಿ ಓದಿದರೆ ಹಣೆಪಟ್ಟಿ ಕಳಚುವುದಿಲ್ಲ. ಕೇಳಿದವರು 'ಅವರು ಬಿಡಿ, ಅವರೇ ಬೇರೆ' ಎಂದುಬಿಡುತ್ತಾರೆ. ಒಪ್ಪದ ಉದಾಹರಣೆಯನ್ನು ಬೇರೆ ಖಾನೆಗೆ ಹಾಕಿ ಹಳೆಯ ಅಭಿಪ್ರಾಯವನ್ನು ಹಾಗೇ ಕಾಪಾಡಿಕೊಳ್ಳುವ ಈ ವಿದ್ಯೆಗೆ ಮನಶ್ಶಾಸ್ತ್ರದಲ್ಲಿ ಸಬ್‌ಟೈಪಿಂಗ್ ಅಂತಾರೆ. ಇನ್ನೂ ಒಂದು ತೊಂದರೆ ಇದೆ. ಸಾಧಾರಣ ಬುದ್ಧಿಯ ಪಟ್ಟಣದ ಹುಡುಗನಿಗೆ ಸಾಧಾರಣ ಕೆಲಸ ಸಿಕ್ಕರೆ ಯಾರೂ ಏನೂ ಕೇಳುವುದಿಲ್ಲ. ಹಳ್ಳಿಯ ಹುಡುಗ ಮಾತ್ರ ಕುವೆಂಪು ಆಗಿ ತೋರಿಸಬೇಕು. 'ಹಳ್ಳಿ ಮಕ್ಕಳು ಮುಗ್ಧರು, ಕಷ್ಟಪಡ್ತಾರೆ' ಎನ್ನುವ ಹೊಗಳಿಕೆಯೂ ಇದೇ ಜಾತಿಯದು. ಅವರೂ ಎಲ್ಲರ ಹಾಗೆ ಚುರುಕು, ಮಂದ, ಸೋಮಾರಿ, ಜಾಣ, ಎಲ್ಲವೂ ಆಗಿರಬಹುದು.

ನಿಜವಾದ ಕೊರತೆಗಳು ಇಲ್ಲ ಎಂದು ಹೇಳುತ್ತಿಲ್ಲ. ಖಾಯಂ ಅಧ್ಯಾಪಕರ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ, ಅತಿಥಿ ಉಪನ್ಯಾಸಕರೇ ಪಾಠ ನಡೆಸುತ್ತಿದ್ದಾರೆ. ಮಂಡ್ಯದ ಸರ್ಕಾರಿ ಕಾಲೇಜು ವಿಶ್ವವಿದ್ಯಾಲಯವಾಗಿ ಕೆಲವೇ ವರ್ಷ ಆಗಿತ್ತು, 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿದಾಗ ಅದರ ಹೆಸರೂ ಪಟ್ಟಿಯಲ್ಲಿತ್ತು. ಸಂಸ್ಥೆಗೆ ದುಡ್ಡು, ಜನ ಕೊಡದೆ ಬಿಟ್ಟು, ಅದರಿಂದಾದ ಸೊರಗನ್ನು ವಿದ್ಯಾರ್ಥಿಯ ಲೆಕ್ಕಕ್ಕೆ ಬರೆಯುವುದು ಅನ್ಯಾಯ.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ ಒಂದು ಮಾತು ಇವತ್ತಿಗೂ ನಿಂತಿದೆ. ಬೇರೆಬೇರೆ ಗುಂಪಿನವರು ಸುಮ್ನೆ ಒಂದೇ ಕಡೆ ಇದ್ದರೆ ಸಾಲದು. ಸಮಾನರಾಗಿ ಒಂದೇ ಗುರಿಗೆ ಒಟ್ಟಿಗೆ ದುಡಿಯಬೇಕು, ಸಂಸ್ಥೆ ಅದರ ಬೆನ್ನಿಗೆ ನಿಲ್ಲಬೇಕು. ಸಿಟಿಯವರು ಮುಂದಿನ ಬೆಂಚು, ಹಳ್ಳಿಯವರು ಹಿಂದಿನ ಬೆಂಚು ಎಂದು ಕೂತರೆ ನಾಲ್ಕು ಸೆಮಿಸ್ಟರ್ ಕಳೆದರೂ ಏನೂ ಆಗುವುದಿಲ್ಲ. ಪ್ರಾಜೆಕ್ಟ್ ಗುಂಪುಗಳನ್ನು ಮೇಷ್ಟ್ರೇ ಬೆರೆಸಿ ಮಾಡಿದರೆ, ಕೆಲಸವನ್ನೂ ಸಮನಾಗಿ ಹಂಚಿದರೆ, ವ್ಯತ್ಯಾಸ ಬರುತ್ತದೆ.

ತರಗತಿಯಲ್ಲಿ ಪ್ರಶ್ನೆ ಕೇಳಿದ ಮೇಲೆ ಎರಡು ನಿಮಿಷ ಕೊಡಿ. ಉತ್ತರವನ್ನು ಮೊದಲು ಕನ್ನಡದಲ್ಲಿ ಗೀಚಿಕೊಳ್ಳಲಿ, ಪಕ್ಕದವರ ಜೊತೆ ಮಾತಾಡಲಿ, ಆಮೇಲೆ ಇಂಗ್ಲಿಷಿಗೆ ಬರಲಿ. ಎಂ.ಎಸ್ಸಿ. ಮೊದಲ ತಿಂಗಳಲ್ಲಿ ಆ ವಿಷಯದ ಇಂಗ್ಲಿಷ್ ಬರವಣಿಗೆಯನ್ನು ಪಾಠದ ಭಾಗವಾಗಿಯೇ ಕಲಿಸಿ, ದಡ್ಡರಿಗೆ ನಡೆಸುವ ಸ್ಪೆಷಲ್ ಕ್ಲಾಸಿನ ಹಾಗೆ ಬೇಡ. ಕೆಲಸಕ್ಕೆ ಆರಿಸುವವರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಮೊದಲೇ ಬರೆದಿಟ್ಟ ಅಳತೆಯಲ್ಲಿ ಅಂಕ ಹಾಕಲಿ. ಹೀಗೆ ಮಾಡಿದ ಸಂದರ್ಶನ ಮನಬಂದಂತೆ ಹರಟುವ ಸಂದರ್ಶನಕ್ಕಿಂತ ಕೆಲಸಗಾರರನ್ನು ಚೆನ್ನಾಗಿ ಗುರುತಿಸುತ್ತದೆ ಎನ್ನುವುದು ಆ ಕ್ಷೇತ್ರದ ಸಂಶೋಧನೆಗಳಲ್ಲಿ ಮತ್ತೆಮತ್ತೆ ಕಂಡಿರುವ ವಿಷಯ. 'ನಿಮ್ಮ ಬಗ್ಗೆ ಹೇಳಿ' ಎನ್ನುವ ಮೊದಲ ಪ್ರಶ್ನೆಗೂ ಮುಂಚೆ, ಆ ಕೆಲಸದಲ್ಲಿ ದಿನಾ ಮಾಡಬೇಕಾದ ಒಂದು ಲೆಕ್ಕವನ್ನೋ ಪತ್ರವನ್ನೋ ಪ್ರಯೋಗವನ್ನೋ ಕೊಟ್ಟು ಮಾಡಿಸಿ ನೋಡಲಿ. ಹಾಜರಿ ಕಡಿಮೆ ಇದ್ದ ವಿದ್ಯಾರ್ಥಿಯನ್ನು ಕರೆದು, ಮನೆಯಲ್ಲಿ ಈಗ ಏನು ಬೆಳೆ, ಯಾವಾಗ ಕೊಯ್ಲು ಎಂದು ಕೇಳಿದರೆ ಮುಂದಿನ ಇಂಟರ್ನಲ್ಸ್ ಯಾವ ವಾರ ಇಡಬಾರದು ಎನ್ನುವುದು ಅಲ್ಲೇ ಗೊತ್ತಾಗುತ್ತದೆ.